ಒಡೆದ ದನಿ

ಇಂದು ಅಡುಗೆಮನೆಯಿಂದ ಜ್ಯೇಷ್ಠಮಧುವಿನ ಕಷಾಯದ ವಾಸನೆ ಬಂದಾಗ ಕಟಕೋಳದ ನಮ್ಮ ಮನೆ ನೆನಪಾಯಿತು. ಶಾಲೆಯಲ್ಲಿ ಪ್ರಾರ್ಥನೆ ಹಾಡುತ್ತಿದ್ದವನು ನಾನೇ. ಒಂದು ಬೆಳಿಗ್ಗೆ ಎರಡನೇ ಸಾಲಿಗೇ ನನ್ನ ದನಿ ಒಡೆಯಿತು, ಎಲ್ಲರೂ ನಕ್ಕರು. ಅಂದಿನಿಂದ ಮಾತು ಬಿಟ್ಟೆ. ಕುಳಿತಲ್ಲಿ ಕೂರಲಾಗುತ್ತಿರಲಿಲ್ಲ, ಸುಮ್ಮಸುಮ್ಮನೆ ಸಿಟ್ಟು ಬರುತ್ತಿತ್ತು. ಗಂಟಲು ಕೆಟ್ಟಿದೆಯೆಂದು ಅವ್ವ ಹೊತ್ತುಹೊತ್ತಿಗೆ ಆ ಕಷಾಯ ಕುಡಿಸಿದಳು.

ವಿಜ್ಞಾನದ ಮಾಸ್ತರರಾಗಿದ್ದ ಅಪ್ಪ ಒಂದು ಸಂಜೆ ನನ್ನನ್ನು ಹಿತ್ತಲಿಗೆ ಕರೆದರು.

"ಇದು ಬ್ಯಾನಿ ಅಲ್ಲಪಾ. ಮಿದುಳು ಹುಕುಂ ಕೊಟ್ಟೈತಿ, ಮೈಯಾಗ ಹಾರ್ಮೋನು ಹರಿಯಾಕ ಹತ್ತೈತಿ. ನನಗೂ ಹಿಂಗ ಆಗಿತ್ತು."

"ಹಳೀ ದನಿ ತಿರುಗಿ ಬರತೈತೇನು?"

"ಇಲ್ಲ." ಸುಳ್ಳು ಹೇಳಲಿಲ್ಲ ಅವರು. "ಹೊಸಾದು ಬರತೈತಿ, ತಡಿ."

ನಾನು ಅತ್ತುಬಿಟ್ಟೆ.

ಅಪ್ಪ ಈಗಿಲ್ಲ. ಫೋನಿನಲ್ಲಿ ನನ್ನ ದನಿ ಕೇಳಿದಾಗ ಅಕ್ಕ, "ಅಪ್ಪಾನ ಮಾತಾಡಿದಂಗ ಆತು ನೋಡು" ಎನ್ನುತ್ತಾಳೆ.