ಅಂಗಾರದ ಗೆರೆ

ಮಾರ್ಚ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷ. ಕೋಣೆಯಲ್ಲಿದ್ದವರು ಮೂವರು: ನಾನು, ನನ್ನ ಹೆಂಡತಿ, ಮಿದುಳಿನ ಸಂಶೋಧನೆ ಮಾಡುವ ಒಬ್ಬ ಹುಡುಗಿ.

ಬೆಳಕಿನಿಂದ ಮಿದುಳನ್ನು ನೋಡುವ ಪ್ರಯೋಗಕ್ಕೆ ವಯಸ್ಸಾದ ಆರೋಗ್ಯವಂತರು ಬೇಕೆಂದು ನಮ್ಮ ಮಾಧವರಂ ಕಾಲೊನಿಯಲ್ಲಿ ಚೀಟಿ ಅಂಟಿಸಿದ್ದರು. ಹೆಸರು ಕೊಟ್ಟೆ. ವಿಜ್ಞಾನಕ್ಕೆ ನೆರವಾಗಲಿ ಎಂದು ಮನೆಯಲ್ಲಿ ಹೇಳಿದೆ. ನಿಜವಾದ ಕಾರಣ ಬೇರೆ. ಹಿಂದಿನ ತಿಂಗಳು ವಡಪಳನಿಯಲ್ಲಿ ಒಂದು ಮದುವೆಯ ಊಟ ಮುಗಿಸಿ ಬಸ್ ಸ್ಟಾಪಿಗೆ ಬಂದವನಿಗೆ ಮನೆಗೆ ಹೋಗುವ ಬಸ್ಸಿನ ನಂಬರ್ ನೆನಪಾಗಲಿಲ್ಲ. ಇಪ್ಪತ್ತು ನಿಮಿಷ ನಿಂತಿದ್ದೆ. ಮೂವತ್ತಾರು ವರ್ಷ ರೈಲ್ವೆ ಕಂಟ್ರೋಲ್ ರೂಮಿನಲ್ಲಿ ಕೂತು ಗಾಡಿಗಳ ನಂಬರನ್ನು ನಾಲಗೆಯ ತುದಿಯಲ್ಲಿ ಇಟ್ಟುಕೊಂಡಿದ್ದವನು ನಾನು. ನಮ್ಮಣ್ಣನಿಗೂ ಹೀಗೇ ಶುರುವಾಗಿ ಕೊನೆಗೆ ಅತ್ತಿಗೆಯ ಗುರುತೂ ಹೋಗಿತ್ತು. ಬಸ್ಸಿನ ವಿಷಯ ಯಾರಿಗೂ ಹೇಳಿರಲಿಲ್ಲ.

ಅವರು ಕಳಿಸಿದ್ದ ಸೂಚನೆಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡಿದ್ದೆ. ತಲೆಗೆ ಎಣ್ಣೆ ಹಚ್ಚಬಾರದು, ಕಾಫಿ ಕುಡಿಯಬಾರದು, ಹಣೆ ಚೆನ್ನಾಗಿ ಒರೆಸಿಕೊಂಡಿರಬೇಕು. ಮೂರಕ್ಕೂ ಟಿಕ್ ಹಾಕಿ ಪುಟವನ್ನು ಹುಡುಗಿಗೆ ತೋರಿಸಿದೆ.

ಅವಳು ಬಟ್ಟೆಯ ಟೋಪಿ ತೊಡಿಸಿದಳು. ಅದರ ತುಂಬ ಗುಂಡಿಗಳಂಥ ಸೆನ್ಸರ್‌ಗಳು. ಕೆಲವು ಬೆಳಕು ಬಿಡುತ್ತವೆ, ಕೆಲವು ಒಳಗೆ ಹೋಗಿ ಮರಳಿದ ಬೆಳಕನ್ನು ಹಿಡಿಯುತ್ತವೆ. ಮಿದುಳಿನ ಯಾವ ಭಾಗಕ್ಕೆ ರಕ್ತ ಹೆಚ್ಚು ಹರಿಯುತ್ತಿದೆ ಎಂದು ಅದರಿಂದ ತಿಳಿಯುತ್ತದಂತೆ. ನೂರರಿಂದ ಏಳೇಳು ಕಳೆಯುತ್ತ ಹೋಗಲು ಹೇಳಿದಳು. ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು. ಪರದೆ ನನಗೂ ಕಾಣುತ್ತಿತ್ತು. ಗೆರೆಗಳೆಲ್ಲ ಏರಿಳಿಯುತ್ತಿದ್ದವು. ಹಣೆಯ ನಡುವಿನ ಎರಡು ಮಾತ್ರ ಅಲುಗಾಡದೆ ಮಲಗಿದ್ದವು.

ಹುಡುಗಿ ಸೆನ್ಸರ್ ಒತ್ತಿ ನೋಡಿದಳು, ವೈರ್ ಬದಲಿಸಿದಳು. ಇಲ್ಲಿಂದ ಏನೂ ಬರುತ್ತಿಲ್ಲ ಎಂದು ತಮಿಳಿನಲ್ಲಿ ಹೇಳಿ, ಮೇಲಿನವರನ್ನು ಕೇಳಿ ಬರಲು ಎದ್ದಳು. ಕಂಟ್ರೋಲ್ ರೂಮಿನಲ್ಲಿ ಯಾವುದಾದರೂ ಸ್ಟೇಷನ್ ಉತ್ತರ ಕೊಡದಿದ್ದರೆ ನಮಗೆ ಮೊದಲು ಹೊಳೆಯುತ್ತಿದ್ದುದು ಅಪಘಾತವೇ. ಎಪ್ಪತ್ತೊಂಬತ್ತರ ಮುಂದೆ ಏನೆಂದು ತಿಳಿಯಲಿಲ್ಲ. ಅಣ್ಣ ಕೊನೆಯ ವರ್ಷ ಚಪ್ಪಲಿಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಪಕ್ಕ ಕೂತಿರುತ್ತಿದ್ದ. ಅದೇ ಕಣ್ಣಮುಂದೆ ಬಂತು.

ಹೆಂಡತಿ ಹತ್ತಿರ ಬಂದು ಟೋಪಿಯ ಅಂಚು ಎತ್ತಿದಳು.

"ಏನೂಂದ್ರೆ, ಅಂಗಾರ ಹಾಗೇ ಇದೆಯಲ್ಲ. ಮಿದುಳಿಗೆ ಕರ್ಟನ್ ಹಾಕ್ಕೊಂಡು ಬಂದಿದೀರಿ."

ಪೂಜೆಯಾದ ಮೇಲೆ ಇದ್ದಿಲು ತೇಯ್ದು ಹಣೆಗೆ ಎಳೆದುಕೊಳ್ಳುವ ಕಪ್ಪು ಗೆರೆ ಅದು. ದಿನಾ ನೋಡಿ ನೋಡಿ ಬೆಳಿಗ್ಗೆ ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಬಾಗಿಲಿನಿಂದ ತಿರುಗಿ ಬಂದ ಹುಡುಗಿ ಅದನ್ನು ಮೊದಲೇ ನೋಡಿದ್ದಳಂತೆ, ಹಿರಿಯರ ದೇವರ ಗುರುತು, ಒರೆಸಿ ಎನ್ನುವುದು ಹೇಗೆಂದು ಸುಮ್ಮನಾದಳಂತೆ. ಇದ್ದಿಲೆಂದು ಗೊತ್ತಾಗಿ ತಲೆ ಚಚ್ಚಿಕೊಂಡಳು. ಬೆಳಕನ್ನೆಲ್ಲ ಅದೇ ಕುಡಿದುಬಿಟ್ಟಿತ್ತು.

ಒದ್ದೆ ಹತ್ತಿಯಿಂದ ಒರೆಸಿದ ಮೇಲೆ ಎರಡು ಗೆರೆಗಳೂ ಎದ್ದವು. ಅವರಿಬ್ಬರೂ ನಕ್ಕರು. ನಾನು ನೋಟ್‌ಬುಕ್ ತೆರೆದೆ. ಹಣೆ ಒರೆಸಿಕೊಂಡದ್ದಕ್ಕೆ ಟಿಕ್ ಇತ್ತು, ನನ್ನದೇ ಕೈಯದು, ನೆಟ್ಟಗೆ. ಬರದ ಗಾಡಿಯನ್ನು ಬಂದಿದೆ ಎಂದು ಬರೆದವನನ್ನು ನಮ್ಮಲ್ಲಿ ಆ ಕುರ್ಚಿಯಲ್ಲಿ ಮತ್ತೆ ಕೂರಿಸುತ್ತಿರಲಿಲ್ಲ.

ನನ್ನ ಮಿದುಳು ಹೇಗಿದೆ ಎಂದು ಹುಡುಗಿಯನ್ನು ಕೇಳಿದೆ. ಈ ಪ್ರಯೋಗ ಒಬ್ಬೊಬ್ಬರ ಕಾಯಿಲೆ ಹೇಳುವುದಿಲ್ಲ, ಅನುಮಾನವಿದ್ದರೆ ನರರೋಗದ ಡಾಕ್ಟರಿಗೇ ತೋರಿಸಬೇಕು ಎಂದಳು. ಅವಳ ನಗು ನಿಂತಿತ್ತು.

ಮೆಟ್ಟಿಲಿಳಿಯುವಾಗ ಹೆಂಡತಿಗೆ ವಡಪಳನಿಯ ಸಂಗತಿ ಹೇಳಿದೆ. ಅವಳು ಕಂಬಿ ಹಿಡಿದು ನಿಂತಳು.

"ಬಸ್ ನಂಬರ್ ಮರೆತ್ರಿ, ಸರಿ. ನನಗೆ ಹೇಳೋದನ್ನೂ ಮರೆತ್ರಾ?"

"ಅದನ್ನ ಮರೆತಿರಲಿಲ್ಲ ಕಣೇ. ಹೆದರಿದ್ದೆ."

ಸಂಜೆ ನಾಲ್ಕಕ್ಕೆ ಡಾಕ್ಟರಿಗೆ ಫೋನ್ ಮಾಡಿದೆ. ಗುರುವಾರ ಹನ್ನೊಂದು ಗಂಟೆಗೆ ಬರಹೇಳಿದರು. ನೋಟ್‌ಬುಕ್ಕಿನಲ್ಲಿ ಬರೆದು ಪೆನ್ನನ್ನು ಹೆಂಡತಿಯ ಕೈಗೆ ಕೊಟ್ಟೆ. ಫೋನ್ ಮಾಡಿದ್ದಕ್ಕೆ ಟಿಕ್ ಅವಳು ಹಾಕಿದಳು.