ಮನಸ್ಸು ಓದಲು ಬಂದ ಮೇಡಂ

ಕೂಸುಗಳೇ ಭಾಗ್ಯಾ, ಮಲ್ಲೂ, ಕೇಳಿ: ಜಹೀರಾಬಾದಿನಲ್ಲಿ ನ್ಯಾಲ್ಕಲ್ ಊರಿನ ಜೀಪಿಗೆ ಕಾಯುವ ಹೆಂಗಸರ ಮುಂದೆ ಒಬ್ಬ ಲುಂಗಿ ಎತ್ತಿ ನಿಲ್ಲುತ್ತಿದ್ದ. ನಾವು ಮುಖಕ್ಕೆ ಸೆರಗೆಳೆದು ತಿರುಗುತ್ತಿದ್ದೆವು. ಅದೇ ಜೀಪಿನಲ್ಲಿ ಓದಲು ಹೋಗುತ್ತಿದ್ದ ನಿಮ್ಮ ಅತ್ತೆ ಕಾಲೇಜೇ ಬಿಡುವೆನೆಂದಳು.

ಆಗ ಜಹೀರಾಬಾದಿಗೆ ಬಂದವರು, ಅಂಥವರ ಮನಸ್ಸನ್ನು ಅಧ್ಯಯನ ಮಾಡುವ ಮೇಡಂ. ನಮ್ಮ ನಡುವೆ ನೆಲದ ಮೇಲೆ ಕೂತು, ಗಲ್ಲಕ್ಕೆ ಕೈಯಿಟ್ಟು, ‘ನೀವ್ ಹಿಂಗ ತಿರುಗಿದ್ರ ಅಂವ ಏನ್ ತಿಳ್ಕೊಂಡಾನ್ರೀ?’ ಎಂದು ಮತ್ತೆ ಮತ್ತೆ ಕೇಳುತ್ತಿದ್ದರು.

ಒಮ್ಮೆ ತಾವೇ ಹೇಳಿದರು: ‘ನಾಚಿ ಸೆರಗ ಎಳ್ಕೊಂಡ್ರ ಹೆಣ್ಮಕ್ಕಳಿಗೆ ಇದು ಸೇರ್ತದ ಅಂತ ಇಂಥವ್ರು ಕೆಲವ್ರು ತಿಳೀತಾರ್ರಿ. ನನ್ನ ಮುಂದೇ ಅಂದಾರ.’

‘ಸೇರ್ತದಂತ? ಅವನ ಬಾಯಾಗ ಮಣ್ಣ ಬೀಳ್ಲಿ!’ ಎಂದಳು ಮೈದುನನ ಹೆಂಡತಿ, ನನ್ನ ನೆಗೆಣ್ಣಿ. ಮೇಡಂ ಬಿದ್ದು ಬಿದ್ದು ನಕ್ಕರು.

ಮರುವಾರ ಅವನು ಬಂದಾಗ ಯಾರೂ ಸೆರಗೆಳೆಯಲಿಲ್ಲ. ನಾಚುಬುರುಕಿ ನಾನೇ ಮೊದಲು ಕೂಗಿದೆ: ‘ಥೂ, ನಮಗೇನೂ ಸೇರಂಗಿಲ್ಲೋ! ಹಿಡೀರೇ ಅವನ್ನ!’ ಅವನು ಎದ್ದುಬಿದ್ದು ಓಡಿದ. ನಮ್ಮ ಜೊತೆ ನಿಂತಿದ್ದ ಮೇಡಂ ಚಪ್ಪಾಳೆ ತಟ್ಟಿದರು. ನಿಮ್ಮ ಅತ್ತೆ ನಗುತ್ತ ಕಾಲೇಜಿಗೆ ಹೋಗಲು ಜೀಪು ಹತ್ತಿದಳು.

ನಾನು ಇದನ್ನು ಬರೆದಿಟ್ಟ ಈ ಹಾಳೆಗಳನ್ನು ಇಲಿ ಕಡಿಯದಂತೆ ಇಟ್ಟುಕೊಳ್ಳಿ, ಕೂಸುಗಳೇ.