ಅಕ್ಕನ ಕಣ್ಣಿಗೆ ಬಂದ ಮಾತು

ಕೊಳ್ಳೇಗಾಲದಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. ಕಣ್ಣು ಪರೀಕ್ಷಿಸುವುದು, ಗಾಜು ಕೂರಿಸುವುದು, ಸಡಿಲವಾದ ಕಡ್ಡಿಗೆ ಸ್ಕ್ರೂ ಬಿಗಿಯುವುದು, ಇದರಲ್ಲೇ ನನ್ನ ಅರ್ಧ ಆಯಸ್ಸು ಕಳೆದಿದೆ. ವಾರಕ್ಕೊಂದು ದಿನ ಹನೂರಿಗೂ ಹೋಗಿ ಕೂರುತ್ತೇನೆ. ಮೊದಮೊದಲು ಅಜ್ಜೀಪುರದ ಕಡೆಯಿಂದ ಬರುತ್ತಿದ್ದ ತಾಯಂದಿರು ಮಗಳ ಕಣ್ಣಿನ ಪರೀಕ್ಷೆ ಮುಗಿದ ಮೇಲೆ ದನಿ ತಗ್ಗಿಸಿ, "ಕನ್ನಡಕ ಬ್ಯಾಡಿ ಸಾ. ನಾಳಿಕ್ಕೆ ನೋಡಕ್ಕೆ ಬರೋರು ಏನಂದಾರು? ಡ್ರಾಪ್ಸೇ ಬರ್ಕೊಡಿ" ಎನ್ನುತ್ತಿದ್ದರು. ಈಗ ಅದೇ ಊರುಗಳ ಹುಡುಗಿಯರು ಕನ್ನಡಿಯ ಮುಂದೆ ನಿಂತು ಇದ್ದಬದ್ದ ಫ್ರೇಮನ್ನೆಲ್ಲ ಹಾಕಿ ನೋಡಿ, ಒಂದೂ ಒಪ್ಪದೆ, ಮುಂದಿನ ವಾರ ಹೊಸ ಮಾಲು ತನ್ನಿ ಎಂದು ಹೇಳಿ ಹೋಗುತ್ತಾರೆ.

ಹೋದ ವರ್ಷ ಮೈಸೂರಿನ ಸಪ್ಲೈಯರ್, ಎ.ಆರ್. ಎನ್ನುವ ಹೊಸ ಬಗೆಯ ಕನ್ನಡಕವೊಂದನ್ನು ಮಾದರಿಗೆಂದು ನನ್ನ ಅಂಗಡಿಯಲ್ಲಿಟ್ಟು ಹೋದ. ನೋಡಲು ದಪ್ಪ ಕಡ್ಡಿಯ ಕಪ್ಪು ಕನ್ನಡಕ. ಮೊಬೈಲಿಗೆ ಜೋಡಿಸಿ ಹಾಕಿಕೊಂಡರೆ ಎದುರಿನ ಬೀದಿ, ಮನುಷ್ಯರು ಎಲ್ಲ ಎಂದಿನಂತೆಯೇ ಕಾಣುತ್ತಿದ್ದರು, ಅದರ ಮೇಲೆ ಸಣ್ಣ ಹಸಿರು ಅಕ್ಷರಗಳು ತೇಲುತ್ತಿದ್ದವು. ಹೋಗಬೇಕಾದ ದಾರಿ, ಬಂದ ಮೆಸೇಜು, ಹೊತ್ತು ಎಷ್ಟಾಯಿತು ಎನ್ನುವುದು. ಬಂದವರಿಗೆಲ್ಲ ಹಾಕಿ ತೋರಿಸಿದೆ. ಬಸ್ ಕಂಡಕ್ಟರೊಬ್ಬರು, "ನಮ್ ರೂಟು ನಂಗ್ ಗೊತ್ತಿಲ್ವಾ ಸಾ? ಇದ್ಯಾಕೆ ದಾರಿ ತೋರ್ಸದು?" ಎಂದು ನಕ್ಕರು. ಒಬ್ಬ ರೈತ ತುಂಬ ಹೊತ್ತು ಅತ್ತ ಇತ್ತ ನೋಡಿ, "ಇದ ಆಕಂಡ್ರೆ ನಂಬರ್ ಕಮ್ಮಿ ಆಯ್ತದಾ?" ಎಂದು ಕೇಳಿದ. ಇಲ್ಲ ಎಂದೆ. "ಮತ್ಯಾಕ್ ಬುಡಿ" ಎಂದು ತೆಗೆದು ಮೇಜಿನ ಮೇಲಿಟ್ಟ. ನನಗೂ ಹಾಗೇ ಅನಿಸಿತ್ತು.

ಒಂದು ಮಧ್ಯಾಹ್ನ ಬಿಡುವಾಗಿದ್ದಾಗ ಅದರ ಸೆಟ್ಟಿಂಗ್ ಕೆದಕುತ್ತಾ ಕೂತಿದ್ದೆ. ಆಡಿದ ಮಾತನ್ನು ಬರೆದು ತೋರಿಸುವ ಸೌಲಭ್ಯ ಅದರಲ್ಲಿತ್ತು, ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇತ್ತು. ಒತ್ತಿ, ಕನ್ನಡಕ ಹಾಕಿಕೊಂಡೆ. ಬೆಂಚಿನ ಮೇಲೆ ಕೂತ ಗಿರಾಕಿ ಫೋನಿನಲ್ಲಿ ಮನೆಯವರಿಗೆ ಏನೋ ಹೇಳುತ್ತಿದ್ದ. ಅವನ ಮಾತು ಅವನ ಎದೆಯ ಹತ್ತಿರ ಅಕ್ಷರವಾಗಿ ಮೂಡತೊಡಗಿತು. ಆ ಕ್ಷಣ ನನಗೆ ನೆನಪಾದದ್ದು ಅಕ್ಕ.

ಅಕ್ಕನನ್ನು ಯಳಂದೂರು ತಾಲ್ಲೂಕಿನ ಹೊನ್ನೂರಿಗೆ ಕೊಟ್ಟಿದೆ. ಭಾವ ಭತ್ತ, ಕಬ್ಬು ಬೆಳೆಯುತ್ತಾರೆ. ಅಕ್ಕ ಬಹಳ ವರ್ಷ ಅಂಗನವಾಡಿ ಟೀಚರ್ ಆಗಿದ್ದವಳು. ಊರಿನ ಅರ್ಧ ಜನಕ್ಕೆ ಅ ಆ ಇ ಈ ತಿದ್ದಿಸಿದವಳು. ಕೆಲಸ ಬಿಟ್ಟ ಮೇಲೆ ಒಂದು ಕೆಟ್ಟ ಜ್ವರ ಬಂದು ಅವಳ ಕಿವಿ ಕಿತ್ತುಕೊಂಡು ಹೋಯಿತು. ಕಿವಿಯ ಮೆಷಿನ್ ಹಾಕಿಸಿದೆವು. "ಗದ್ಲ ಜಾಸ್ತಿ ಆಯ್ತು ಕಣ್ಲಾ, ಮಾತು ಮಾತ್ರ ತಿಳೀತಾ ಇಲ್ಲ" ಎಂದು ತೆಗೆದಿಟ್ಟಳು. ಆಮೇಲೆ ಮಹಿಳಾ ಸಂಘದ ಮೀಟಿಂಗಿಗೆ ಹೋಗುವುದನ್ನು ನಿಲ್ಲಿಸಿದಳು. ಮದುವೆ ಮನೆಗಳಲ್ಲಿ ಒಂದು ಮೂಲೆಯಲ್ಲಿ ಕೂತು, ಯಾರು ಏನು ಕೇಳಿದರೂ ನಗುತ್ತಾ ತಲೆಯಾಡಿಸುತ್ತಿದ್ದಳು. ಆ ನಗು ನೋಡಿದರೆ ನನಗೆ ಸಂಕಟವಾಗುತ್ತಿತ್ತು.

ಅವಳ ನಂಬರಿನ ಗಾಜನ್ನು ಅದರ ಒಳಬದಿಗೆ ಕೂರಿಸಿದೆ. ಭಾರಕ್ಕೆ ಮೂಗು ನೋಯದಿರಲೆಂದು ಮೆತ್ತನೆಯ ಪ್ಯಾಡ್ ಹಾಕಿದೆ. ಭಾನುವಾರ ಬಸ್ಸು, ಆಟೊ ಹಿಡಿದು ಹೊನ್ನೂರಿಗೆ ಹೋದೆ.

ಕನ್ನಡಕ ಹಾಕಿಕೊಂಡ ಅಕ್ಕ ಜಗಲಿಯ ಮೇಲೆ ಕೂತಿದ್ದಳು. ಕೊಟ್ಟಿಗೆಯ ಕಡೆಯಿಂದ ಬಂದ ಭಾವ ಎಂದಿನಂತೆ, "ಆಲು ಕರ್ದ್ಯಾ?" ಎಂದು ಕೇಳಿದರು.

ಅಕ್ಕ ಹುಬ್ಬು ಗಂಟಿಕ್ಕಿ, "ಆಲೂಗೆಡ್ಡೆ ಎಲ್ಲದೆ ಮನೇಲಿ, ಕರಿಯಕ್ಕೆ?" ಎಂದಳು.

ಭಾವ ಪೆಚ್ಚಾಗಿ ನನ್ನ ಮುಖ ನೋಡಿದರು. ಕನ್ನಡಕಕ್ಕೆ ಜೋಡಿಸಿದ್ದ ಅಕ್ಕನ ಮೊಬೈಲಿನಲ್ಲಿಯೂ ಅದೇ ಸಾಲು ಇತ್ತು: "ಆಲೂ ಕರಿದೆಯಾ?" ನಾನು ನಕ್ಕು, ಅದರ ಕೆಳಗೆ 'ಹಾಲು ಕರೆದೆಯಾ' ಎಂದು ಬರೆದು ಅಕ್ಕನಿಗೆ ತೋರಿಸಿದೆ. ಅವಳಿಗೆ ಅರ್ಥವಾಗಿ, ಸೆರಗು ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಅವಳು ಹಾಗೆ ನಕ್ಕು ವರ್ಷಗಳಾಗಿದ್ದವು. ಭಾವ "ಗದ್ದೆಗೆ ಓಯ್ತೀನಿ" ಎಂದರೆ ಅದು "ಗದ್ದೆಗೆ ಓದುತ್ತೀನಿ" ಎಂದು ಬರೆಯಿತು. ಪುಸ್ತಕದ ಕನ್ನಡ ಕಲಿತ ಯಂತ್ರಕ್ಕೆ ನಮ್ಮ ಮಾತು ಹತ್ತುತ್ತಿರಲಿಲ್ಲ. ಇದು ಆಗುವ ಕೆಲಸವಲ್ಲ ಎಂದುಕೊಂಡು ಸಂಜೆ ವಾಪಸ್ ತರಲು ಕೈಚಾಚಿದೆ. ಅಕ್ಕ ಕೊಡಲಿಲ್ಲ. "ಇರ್ಲಿ ಬುಡ್ಲಾ ಸ್ವಲ್ಪ ದಿವ್ಸ. ತಪ್ಪು ಬರೆಯೋ ಮಕ್ಳ ನಾನು ಎಷ್ಟ್ ನೋಡಿಲ್ಲ?"

ಮುಂದಿನದ್ದನ್ನು ಅಕ್ಕನೇ ನನಗೆ ಹೇಳಿದಳು. ಒಂದು ಬೆಳಿಗ್ಗೆ ಕನ್ನಡಕ ಹಾಕಿಕೊಂಡು ಅವರೆಕಾಯಿ ಬಿಡಿಸುತ್ತಾ ಕೂತಿದ್ದಳಂತೆ. ಸೊಸೆ ಅದೇ ಹಜಾರದಲ್ಲಿ ಬಟ್ಟೆ ಮಡಿಸುತ್ತಾ ತನ್ನ ತಾಯಿಯೊಂದಿಗೆ ಫೋನಿನಲ್ಲಿದ್ದಳು. ಅತ್ತೆಗೆ ಕೇಳುವುದಿಲ್ಲವಲ್ಲ, ದನಿ ತಗ್ಗಿಸುವ ಅಭ್ಯಾಸವೇ ಹೋಗಿತ್ತು. ಅಕ್ಕನ ಕಣ್ಣ ಮುಂದೆ ಮುರುಕು ಮುರುಕಾಗಿ ಸಾಲುಗಳು ಬಂದವು. ಯಳಂದೂರಿನ ಲ್ಯಾಬಿನಲ್ಲಿ ಕೆಲಸಕ್ಕೆ ಕರೆದಿದ್ದಾರೆ. ಬರುವುದಿಲ್ಲ ಎಂದು ಹೇಳಿಬಿಡುತ್ತೇನೆ. ಕಿವಿ ಕೇಳದ ಅತ್ತೆಯನ್ನು ಒಬ್ಬರೇ ಬಿಟ್ಟು ಹೇಗೆ ಹೋಗುವುದು?

ಸೊಸೆ ಲ್ಯಾಬ್ ಟೆಕ್ನಿಷಿಯನ್ ಓದಿದ್ದಾಳೆಂದು ಅಕ್ಕನಿಗೆ ಗೊತ್ತಿತ್ತು. ಕೆಲಸಕ್ಕೆ ಕರೆ ಬಂದದ್ದು ಗೊತ್ತಿರಲಿಲ್ಲ. ಅವಳು ಅವರೆಕಾಯಿ ಬಿಟ್ಟು ಎದ್ದು ಹೋಗಿ ಸೊಸೆಯ ಕೈ ಹಿಡಿದುಕೊಂಡಳು.

"ಓಗವ್ವಾ ನೀನು. ನನ್ನಿಂದಾಗಿ ನಿಲ್ಬ್ಯಾಡ."

ಸೊಸೆ ಬೆಚ್ಚಿ ಫೋನು ಇಟ್ಟಳು. "ನಿಮ್ಗೆಂಗ್ ಗೊತ್ತಾಯ್ತು ಅತ್ತೆ?"

"ಇದ್ರಲ್ಲಿ ಬಂತು. ನಿನ್ ಮಾತ ಕದ್ದು ಓದ್ದಂಗಾಯ್ತು, ತಪ್ಪು ನಂದೇ. ಇನ್ಮೇಲೆ ಆಕಂಡಾಗೆಲ್ಲ ಏಳೇ ಆಕತೀನಿ."

ಆ ಮಾತನ್ನು ಅಕ್ಕ ಇವತ್ತಿಗೂ ನಡೆಸುತ್ತಾಳೆ. ಕನ್ನಡಕ ಕೈಗೆತ್ತಿಕೊಂಡರೆ ಮನೆಯವರಿಗೆಲ್ಲ ಕೇಳುವಂತೆ ಹೇಳಿ ಹಾಕಿಕೊಳ್ಳುತ್ತಾಳೆ. ಸೊಸೆ ಆ ತಿಂಗಳೇ ಕೆಲಸಕ್ಕೆ ಸೇರಿದಳು. ಮಧ್ಯಾಹ್ನ ಮನೆಗೆ ಯಾರು ಬಂದರೂ ಅಕ್ಕ ಒಬ್ಬಳೇ ಮಾತಾಡಿಸಿ ಕಳಿಸುತ್ತಾಳೆ. ಭಾವ ಹಠ ಹಿಡಿದು 'ಹ' ಕಲಿತರು. "ಈ ವಯಸ್ನಲ್ಲಿ ಮೇಷ್ಟ್ರ ಎದ್ರು ನಿಂತಂಗಾಯ್ತಲ್ಲಪ್ಪ" ಎಂದು ಗೊಣಗುತ್ತಲೇ, ಉಸಿರು ಎಳೆದು "ಹಾಲು", "ಹೋಗ್ತೀನಿ" ಎನ್ನುತ್ತಾರೆ. ಮುಂಚೆ ಬೆನ್ನು ತಿರುಗಿಸಿಕೊಂಡು ಮಾತಾಡುತ್ತಿದ್ದವರು ಈಗ ಎದುರಿಗೆ ಬಂದು ನಿಂತು, ನಿಧಾನವಾಗಿ ಮಾತಾಡುತ್ತಾರೆ.

ಅಕ್ಕ ಮತ್ತೆ ಸಂಘದ ಮೀಟಿಂಗಿಗೆ ಹೋದ ದಿನ ಮಾತ್ರ ಕಷ್ಟವಾಯಿತು. ಒಬ್ಬಾಕೆ ಸೆರಗು ಸರಿಮಾಡಿಕೊಳ್ಳುತ್ತಾ, "ಅದ್ರಲ್ಲಿ ಕ್ಯಾಮೆರಾ ಐತಾ ಟೀಚರಮ್ಮ? ನಮ್ ಪೋಟ ಇಡಿತಾ ಇದ್ದೀರಾ?" ಎಂದಳು. ಇದರಲ್ಲಿ ಕ್ಯಾಮೆರಾ ಇಲ್ಲ ಎಂದರೂ ಯಾರೂ ನಂಬಲಿಲ್ಲ. ಅಕ್ಕ ಕನ್ನಡಕ ತೆಗೆದು ಆಕೆಯ ಕಣ್ಣಿಗೇ ಹಾಕಿದಳು. ಅದು ಕೈಯಿಂದ ಕೈಗೆ ಇಡೀ ಸಾಲು ಸುತ್ತಿತು. ತಮ್ಮ ತಮ್ಮ ಮಾತನ್ನು ಓದಿ ಹೆಂಗಸರು ಬಿದ್ದು ಬಿದ್ದು ನಕ್ಕರು. ಅದು ಅಕ್ಕನ ಮೂಗಿನ ಮೇಲೆ ಮರಳಿ ಬಂದಾಗ ಎಲ್ಲರೂ ಒಟ್ಟಿಗೆ ಮಾತಾಡಿ ಅಕ್ಷರಗಳೆಲ್ಲ ಕಲಸಿಹೋಗಿದ್ದವು. ಅಧ್ಯಕ್ಷೆ ಮೇಜು ತಟ್ಟಿ, "ಒಬ್ಬೊಬ್ರೇ ಮಾತಾಡ್ರವ್ವ, ಅಮ್ಮಾರ್ಗೆ ಓದಕ್ಕಾಗ್ಬೇಕು" ಎಂದರು. ಆ ಸಂಘದಲ್ಲಿ ಅಷ್ಟು ಶಿಸ್ತಿನ ಮೀಟಿಂಗು ಅದೇ ಮೊದಲಂತೆ.

ಕನ್ನಡಕವನ್ನು ನಾನು ಅಕ್ಕನಿಗಾಗಿ ಕೊಂಡುಬಿಟ್ಟೆ. ದುಬಾರಿಯೇ. ಚಾರ್ಜು ಇಡೀ ದಿನ ನಿಲ್ಲುವುದಿಲ್ಲ, ಒಲೆಯ ಮುಂದೆ ಆವಿ ಕಟ್ಟುತ್ತದೆ, ನೆಟ್‌ವರ್ಕ್ ಇಲ್ಲದ ಕಡೆ ಅದು ಬರೀ ದಪ್ಪ ಕನ್ನಡಕ. ಎಲ್ಲರ ಮೂಗಿನ ಮೇಲೂ ಇದು ಬರುತ್ತದೆಯೇ ಎಂದರೆ ಸದ್ಯಕ್ಕೆ ಹೂಂ ಎನ್ನಲಾರೆ. ಬೇಕಾದವರು ಒಬ್ಬೊಬ್ಬರಾಗಿ ತಾವೇ ಹುಡುಕಿಕೊಂಡು ಬರುತ್ತಾರೆ ಎಂದು ಮಾತ್ರ ನನಗೆ ಅನಿಸುತ್ತದೆ.

ಮೊನ್ನೆ ಮುಳ್ಳೂರಿನಿಂದ ಗಂಡ ಹೆಂಡತಿ ಅಂಗಡಿಗೆ ಬಂದರು. ಹೆಂಡತಿಗೆ ಕಿವಿ ಕೇಳದೆ ಬಹಳ ಕಾಲವಾಗಿತ್ತು. ಶಾಲೆಗೆ ಹೋದವರು, ಓದಲು ಬರುತ್ತಿತ್ತು. ಭಾವನಿಗೆ ಫೋನು ಮಾಡಿ ಅಕ್ಕನನ್ನು ಕರೆಸಿಕೊಂಡೆ. ಅಕ್ಕ ತನ್ನ ಕನ್ನಡಕ ತೆಗೆದು, ಸೀರೆಯ ಅಂಚಿನಲ್ಲಿ ಒರೆಸಿ, ಆಕೆಗೆ ಹಾಕಿದಳು. ಆಮೇಲೆ ಗಂಡನನ್ನು ಎದುರಿಗೆ ಕೂರಿಸಿ, ಮಾತಾಡಿ ಎಂದು ಸನ್ನೆ ಮಾಡಿದಳು.

ಆತ ಟವೆಲ್ ಹೆಗಲಿಂದ ತೆಗೆದು ಮಡಿಲಲ್ಲಿಟ್ಟುಕೊಂಡು ನನ್ನನ್ನೂ ಹೆಂಡತಿಯನ್ನೂ ನೋಡಿದ. ಮೆಲ್ಲಗೆ, "ಏನ್ ಮಾತಾಡ್ಲಿ?" ಎಂದ.

ಹೆಂಡತಿಯ ಕಣ್ಣು ಗಾಜಿನೊಳಗೆ ಎಡದಿಂದ ಬಲಕ್ಕೆ ಸರಿಯಿತು.

"ಏನಾರ ಮಾತಾಡಿ" ಎಂದಳು.